ಏಜೆಂಟಣ್ಣನ ಮಗಳು ಒಬ್ಬಳೇ ಹೋದದ್ದು

ನಾನು ಒಬ್ಬಳೇ ತಿರುಗುವವಳು ಎಂದು ಕಾಪುವಿನಲ್ಲಿ ನನಗೆ ಹೆಸರಿದೆ. ಒಳ್ಳೆಯ ಹೆಸರೋ ಕೆಟ್ಟ ಹೆಸರೋ, ಅದು ಹೇಳುವವರನ್ನು ಅವಲಂಬಿಸಿದೆ. ಮೊನ್ನೆ ನೆರೆಮನೆಯ ಹುಡುಗಿಯೊಬ್ಬಳು ಬಂದು, “ಚಿಕ್ಕಮ್ಮ, ಆ ಕಾಲದಲ್ಲಿ ನೀವು ಒಬ್ಬರೇ ಎಲ್ಲ ಕಡೆ ಹೋಗ್ತಿದ್ದಿರಂತೆ ಅಲ್ವಾ? ಹೆದರಿಕೆ ಆಗ್ತಿರಲಿಲ್ವಾ?” ಎಂದು ಕೇಳಿದಳು. ಹೆದರಿಕೆಯ ಮಾತು ಹಾಗಿರಲಿ, ಒಬ್ಬಳೇ ಹೋಗುವುದೇ ಎಷ್ಟೋ ವರ್ಷ ನನಗೆ ಸಾಧ್ಯವಾಗಲಿಲ್ಲ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಬಸ್ಸಿದೆ, ಕಾಲಿದೆ, ಕೈಯಲ್ಲಿ ಚಿಲ್ಲರೆ ಇದೆ, ಮತ್ತೇನು ಅಡ್ಡಿ ಎಂದು ಅವಳ ಲೆಕ್ಕ.

ಅಡ್ಡಿ ನನ್ನ ಅಪ್ಪ. ಅವರು ಕಾಪು ಪೇಟೆಯಲ್ಲಿ ಬಸ್ ಏಜೆಂಟರಾಗಿದ್ದರು. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಓಡುತ್ತಿದ್ದದ್ದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಒಂದರ ಹಿಂದೆ ಒಂದು ಬರುತ್ತಿದ್ದವು. ನಿಮಿಷಕ್ಕಾಗಿ ಜಗಳ, ಜನರಿಗಾಗಿ ಎಳೆದಾಟ. ಏಜೆಂಟ್ ಎಂದರೆ ರಸ್ತೆಯ ಬದಿಯಲ್ಲಿ ನಿಂತು ಊರುಗಳ ಹೆಸರು ಕೂಗಿ, ಜನರನ್ನು ಹತ್ತಿಸಿ, ಮೂಟೆಗಳನ್ನು ಮೇಲಕ್ಕೆ ಹಾಕಿಸಿ, ಹೊತ್ತಾದ ಕೂಡಲೇ ಬಸ್ಸಿನ ಮೈಗೆ ಅಂಗೈಯಿಂದ ಎರಡು ಸಲ ತಟ್ಟಿ ಕಳಿಸುವವರು. ಅಪ್ಪನ ಸ್ವರ ಎಂದರೆ ಸ್ವರ. “ಪಡುಬಿದ್ರಿ, ನಂದಿಕೂರು, ಬೆಳ್ಮಣ್ಣು, ನಿಟ್ಟೆ, ಕಾರ್ಕಳಾ” ಎಂದು ಒಂದೇ ಉಸಿರಿಗೆ ಕೂಗಿದರೆ ಮೀನು ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುತ್ತಿದ್ದವರು ಚೀಲ ಎತ್ತಿಕೊಂಡು ಓಡಿ ಬರುತ್ತಿದ್ದರು. ಮನೆಯಲ್ಲಿ ಬೀಡಿ ಕಟ್ಟುತ್ತ ಕೂತ ಅಮ್ಮನಿಗೆ ಆ ಕೂಗಿನಿಂದಲೇ ಗಂಟೆ ತಿಳಿಯುತ್ತಿತ್ತು.

ಅಷ್ಟು ಜನರನ್ನು ಊರೂರಿಗೆ ಕಳಿಸಿದ ಮನುಷ್ಯ ತಾನು ಎಲ್ಲಿಗೂ ಹೋದವರಲ್ಲ. ಬಸ್ಸಿನ ಮಾಲಕರನ್ನು ಕಾಣಲು ಉಡುಪಿಗೆ ಹೋಗಬೇಕಾದಾಗ ಡ್ರೈವರನ ಪಕ್ಕ ಇಂಜಿನ್ನಿನ ಮೇಲೆ ಕೂತು, ದಾರಿಯುದ್ದಕ್ಕೂ ಟೈಮಿನ ಜಗಳ ಮಾತಾಡಿಕೊಂಡು ಹೋಗಿ ಬರುತ್ತಿದ್ದರು. ಕಿಟಕಿಯ ಬದಿ ಕೂತದ್ದಿಲ್ಲ, ಟಿಕೆಟ್ ತೆಗೆದದ್ದಿಲ್ಲ. ಏಜೆಂಟರಿಗೂ ಅವರ ಮನೆಯವರಿಗೂ ಟಿಕೆಟ್ ಕೊಡುವುದಿಲ್ಲ ಎಂಬುದು ಬಸ್ಸಿನವರ ಮರ್ಯಾದೆ. ಕಂಡಕ್ಟರ್ ನನ್ನ ಎದುರು ಬಂದು ಕೈ ಚಾಚದೆ, ಸ್ವಲ್ಪ ನಕ್ಕು, ಮುಂದಿನ ಸೀಟಿಗೆ ಹೋಗುತ್ತಿದ್ದ. ಆ ನಗುವನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಯಾಕೆಂದರೆ ಆ ನಗುವಿನ ಹಿಂದೆ ಇನ್ನೊಂದು ಪದ್ಧತಿ ಇತ್ತು. ನಮ್ಮ ಕಡೆ ಬಸ್ಸಿನಲ್ಲಿ ಜನ ಮಾತ್ರ ಹೋಗುತ್ತಿರಲಿಲ್ಲ. ಶಂಕರಪುರದ ಮಲ್ಲಿಗೆಯ ಕಟ್ಟು, ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದವರಿಗೆ ಗಂಜಿಯ ಕ್ಯಾರಿಯರ್, ಮದ್ದಿನ ಬಾಟ್ಲಿ, ಮದುವೆಮನೆಯಲ್ಲಿ ಮರೆತ ಕೊಡೆ, ಎಲ್ಲವನ್ನೂ ಕಂಡಕ್ಟರನ ಕೈಯಲ್ಲಿ ಕೊಟ್ಟರೆ ಸಾಕು, ಮುಟ್ಟಬೇಕಾದಲ್ಲಿಗೆ ಮುಟ್ಟುತ್ತಿತ್ತು. ನನ್ನನ್ನೂ ಹಾಗೆಯೇ ಕಳಿಸುತ್ತಿದ್ದರು. ಕಾಲೇಜಿಗೆ ಉಡುಪಿಗೆ ಹೊರಟ ಮೊದಲ ದಿನ ಅಪ್ಪ ಕಂಡಕ್ಟರನಿಗೆ ಹೇಳಿದರು: “ನಮ್ಮ ಹುಡುಗಿ. ಉಡುಪಿಯಲ್ಲಿ ಇಳಿಸು.” ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಕಾಪು ಏಜೆಂಟಣ್ಣನ ಮಗಳು ಎಂದು ಒಬ್ಬ ಇನ್ನೊಬ್ಬನಿಗೆ ದಾಟಿಸುತ್ತ ಹೋದ. ಮಲ್ಲಿಗೆ ಕಟ್ಟಿಗೂ ನನಗೂ ಇದ್ದ ವ್ಯತ್ಯಾಸ ಎಂದರೆ ಅದಕ್ಕೆ ಸಿಟ್ಟು ಬರುತ್ತಿರಲಿಲ್ಲ.

ನನಗೆ ಬೇಕಾದದ್ದು ಇಷ್ಟೇ. ಯಾರೂ ನನ್ನನ್ನು ಅರಿಯದ ಒಂದು ಬಸ್ಸಿನಲ್ಲಿ ಕೂತು, ಟಿಕೆಟ್ ತೆಗೆದುಕೊಂಡು, ಒಂದು ಊರಿಗೆ ಹೋಗಿ, ಬರಬೇಕು. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ದೇವಸ್ಥಾನಕ್ಕಲ್ಲ, ನೆಂಟರ ಮನೆಗಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಒಬ್ಬರೇ ಹೋಗುವುದಿಲ್ಲ ಎಂದೇನಲ್ಲ. ಕೆಲಸ ಇದ್ದರೆ ಹೋಗುತ್ತಾರೆ. ಕೆಲಸ ಇಲ್ಲದೆ ಹೋಗುವುದು ಮಾತ್ರ ಯಾರ ತಲೆಗೂ ಹೋಗುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನದ ಕ್ಲಾಸು ಬಿಟ್ಟು ಉಡುಪಿಯಿಂದ ಮಲ್ಪೆಯ ಬಸ್ಸು ಹತ್ತಿದೆ. ಆ ರೂಟಿನವರಿಗೆ ನನ್ನ ಗುರುತಿಲ್ಲ ಎಂದುಕೊಂಡಿದ್ದೆ. ಮೀನುದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಬಲೆ ಹೆಣೆಯುವವರನ್ನು ನೋಡಿದೆ, ಐಸಿನ ಗಾಡಿ ಹೋಗುವುದನ್ನು ನೋಡಿದೆ, ಮರಳಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಕಾಪುವಿನಲ್ಲಿ ದೀಪಸ್ತಂಭದ ಕೆಳಗೆ ದಿನವೂ ಕಾಣುವ ಅದೇ ಸಮುದ್ರ. ಆದರೂ ಅದು ನಾನು ಹೋಗಿ ಕಂಡ ಸಮುದ್ರವಾದ್ದರಿಂದ ಬೇರೆಯಾಗಿ ಕಂಡಿತು. ಸಂಜೆ ಕಾಪುವಿನಲ್ಲಿ ಇಳಿದರೆ ಅಪ್ಪ ಬೇರೆ ಬಸ್ಸಿಗೆ ಜನ ಹತ್ತಿಸುತ್ತಲೇ ನನ್ನ ಮುಖ ನೋಡದೆ ಕೇಳಿದರು: “ಮಲ್ಪೆಯಲ್ಲಿ ಗಾಳಿ ಹೇಗುಂಟು?”

ಬೈಯಲಿಲ್ಲ. ಬೈದಿದ್ದರೆ ಒಂದು ಜಗಳವಾದರೂ ಆಗುತ್ತಿತ್ತು.

ಕಾರ್ಕಳಕ್ಕೆ ಹೋದಾಗಲೂ ಹಾಗೆಯೇ. ಆಗ ಟೈಪಿಂಗ್ ಕಲಿತು ಮಣಿಪಾಲದ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಒಂದು ರಜಾ ದಿನ, ಆಫೀಸು ಉಂಟು ಎಂದು ಮನೆಯಲ್ಲಿ ಹೇಳಿ, ಮಣಿಪಾಲದಲ್ಲಿ ಇಳಿಯದೆ ಅದೇ ಬಸ್ಸಿನಲ್ಲಿ ಪರ್ಕಳ, ಹಿರಿಯಡ್ಕ ದಾಟಿ ಕಾರ್ಕಳ ಸೇರಿದೆ. ಗೊಮ್ಮಟನ ಬೆಟ್ಟದ ಮೆಟ್ಟಿಲು ಹತ್ತಿ, ಮೇಲೆ ಗಾಳಿಗೆ ಸೆರಗು ಹಿಡಿದುಕೊಂಡು ನಿಂತೆ. ಸುತ್ತಲೂ ಹಸಿರು, ಪಡುವಣದ ಅಂಚಿನಲ್ಲಿ ಬಿಳಿಯ ಗೆರೆಯ ಹಾಗೆ ಸಮುದ್ರ. ಅಲ್ಲಿಂದ ನೋಡುವಾಗ ನನ್ನ ಇಡೀ ಊರು ಆ ಗೆರೆಯ ಒಳಗೆ ಎಲ್ಲೋ ಇತ್ತು. ಖುಷಿಯಿಂದ ಗಟ್ಟಿಯಾಗಿ ನಕ್ಕೆ. ಕೆಳಗೆ ಇಳಿದರೆ ನಾನು ಬಂದ ಬಸ್ಸಿನ ಕಂಡಕ್ಟರ್ ಎಳನೀರು ಹಿಡಿದುಕೊಂಡು ನಿಂತಿದ್ದ. “ಕುಡಿಯಿರಿ ಅಕ್ಕ. ನಮ್ಮ ಬಸ್ಸಿನಲ್ಲೇ ವಾಪಸ್ ಹೋಗುವ. ಏಜೆಂಟಣ್ಣನಿಗೆ ಮೊದಲು ಹೋದ ಬಸ್ಸಿನವರ ಹತ್ತಿರ ಹೇಳಿ ಕಳಿಸಿದ್ದೇನೆ, ಚಿಂತೆ ಮಾಡಬೇಡಿ.”

ಆ ಎಳನೀರನ್ನು ಅವನ ತಲೆಯ ಮೇಲೆ ಸುರಿಯಬೇಕು ಎನಿಸಿತ್ತು. ಕುಡಿದೆ. ಪಾಪ, ಬಿಸಿಲಿನಲ್ಲಿ ನನಗಾಗಿ ತಂದದ್ದು.

ಮನೆಗೆ ಬಂದು ಅಪ್ಪನ ಹತ್ತಿರ ಜಗಳವಾಡಿದೆ. ನಮ್ಮ ಮನೆಯ ಮಾತು ತುಳು, ಜಗಳ ತುಳುವಿನಲ್ಲಿ ಚೆನ್ನಾಗಿ ಆಗುತ್ತದೆ. “ನನ್ನನ್ನು ಒಮ್ಮೆ ಆದರೂ ಒಬ್ಬಳೇ ಬಿಡಿ” ಎಂದೆ. ಅಪ್ಪ ಅಮ್ಮನ ಮೊರದಿಂದ ಒಂದು ಬೀಡಿ ತೆಗೆದು ಹಚ್ಚಿಕೊಂಡರು. ಅಮ್ಮ ಕಟ್ಟಿದ ಬೀಡಿಗಳಲ್ಲಿ ಬೀಡಿ ಕಂಪೆನಿಯ ಬ್ರಾಂಚಿನವರು ಸರಿಯಿಲ್ಲ ಎಂದು ಹಿಂದೆ ಕೊಡುತ್ತಿದ್ದವೆಲ್ಲ ಅಪ್ಪನ ಪಾಲಿಗೆ. “ನಾನು ಎಂತ ಹಿಡಿದುಕೊಂಡಿದ್ದೇನಾ ನಿನ್ನನ್ನು? ಹೋಗು. ಯಾರು ಬೇಡ ಹೇಳಿದ್ದು?” ಎಂದು ಹೊಗೆ ಬಿಟ್ಟರು. ಅಮ್ಮ ಕತ್ತರಿಯಿಂದ ಎಲೆ ಕತ್ತರಿಸುತ್ತ, “ಅವಳಿಗೆ ಒಂದು ಮದುವೆ ಮಾಡಿದರೆ ಎಲ್ಲ ಸರಿಯಾಗ್ತದೆ” ಎಂದರು. ಮೂರು ಜನರ ಮನೆಯಲ್ಲಿ ಮೂರು ಬೇರೆ ಬೇರೆ ಜಗಳ.

ಎಂಬತ್ತರ ದಶಕ ಶುರುವಾದ ಮೇಲೆ ಅಪ್ಪನ ಗಂಟಲು ಕಟ್ಟಿತು. ಮೊದಲು ಧೂಳು ಎಂದರು, ಆಮೇಲೆ ಶೀತ ಎಂದರು. ಅಮ್ಮ ಒಳ್ಳೆಮೆಣಸಿನ ಕಷಾಯ ಮಾಡಿ ಕೊಟ್ಟರು, ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ಕೂಗಿದರು. ಕಾರ್ಕಳದ ವರೆಗೆ ಮುಟ್ಟುತ್ತಿದ್ದ ಉಸಿರು ಬೆಳ್ಮಣ್ಣಿನಲ್ಲಿ ನಿಲ್ಲತೊಡಗಿತು. ಆಮೇಲೆ ನಂದಿಕೂರಿನಲ್ಲಿ. ಒಂದು ಸೀಟಿ ತೆಗೆದುಕೊಂಡರು. ಕೂಗುವುದನ್ನು ಕಡಿಮೆ ಮಾಡಿ ಕೈ ಬೀಸುವುದನ್ನು, ಬಸ್ಸಿಗೆ ತಟ್ಟುವುದನ್ನು ಹೆಚ್ಚು ಮಾಡಿದರು. “ಏಜೆಂಟಣ್ಣ ಮೌನವ್ರತ ಮಾಡ್ತಿದ್ದಾರಾ ಎಂತ?” ಎಂದು ಡ್ರೈವರುಗಳು ತಮಾಷೆ ಮಾಡಿದರು. ಅಪ್ಪ ನಕ್ಕರು. ನಗುವಿಗೆ ಸ್ವರ ಇರಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ, ನಾನು ಬಾವಿಕಟ್ಟೆಯಲ್ಲಿ ಮುಖ ತೊಳೆಯುತ್ತಿದ್ದಾಗ, ಹತ್ತಿರ ಬಂದು ಪಿಸುಗುಟ್ಟಿದರು. “ಮಣಿಪಾಲದಲ್ಲಿ ಒಮ್ಮೆ ತೋರಿಸುವ. ನೀನು ಬಾ. ಅಲ್ಲಿನ ಡಾಕ್ಟರುಗಳ ಭಾಷೆ ನನಗೆ ಬರುವುದಿಲ್ಲ.” ಭಾಷೆ ಒಂದೇ ಅಲ್ಲ, ಸ್ವರವೂ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಡಾಕ್ಟರರು ಒಳ್ಳೆಯವರು. ಗಂಟಲಿನ ಒಳಗೆ ಕನ್ನಡಿ ಹಾಕಿ ನೋಡಿದರು, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಮತ್ತೆ ಕರೆದರು. ಅಪ್ಪನ ಬಾಯಿಯಾಗಿ ನಾನು ಉತ್ತರ ಕೊಟ್ಟೆ. ವಯಸ್ಸು ಹೇಳಿದೆ, ಕೆಲಸ ಹೇಳಿದೆ. “ಬೀಡಿ ಸೇದುತ್ತಾರಾ?” ಎಂದು ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ನಾನು ಹೌದು ಎಂದೆ. ಆಮೇಲೆ ಡಾಕ್ಟರರು ನನ್ನನ್ನು ಮಾತ್ರ ಒಳಗೆ ಕೂರಿಸಿಕೊಂಡು ಹೇಳಬೇಕಾದದ್ದನ್ನು ಹೇಳಿದರು. ಹೊರಗೆ ಬಂದರೆ ಅಪ್ಪ ಬೆಂಚಿನ ಮೇಲೆ ಕೂತು, ಗೋಡೆಯ ಮೇಲಿದ್ದ ಯಾವುದೋ ಬೋರ್ಡನ್ನು ಓದುವವರ ಹಾಗೆ ನಟಿಸುತ್ತಿದ್ದರು. ಇಂಗ್ಲಿಷ್ ಬೋರ್ಡು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

“ದಿನಾ ಬರಬೇಕಾ?” ಎಂದಷ್ಟೇ ಕೇಳಿದರು. ಗಂಟಲಿಗೆ ಕರೆಂಟ್ ಕೊಡುತ್ತಾರೆ, ಕೆಲವು ವಾರ ದಿನಾ ಬರಬೇಕು ಎಂದೆ. ರೇಡಿಯೇಶನ್ನಿಗೆ ನಮ್ಮ ಕಡೆ ಕರೆಂಟ್ ಎನ್ನುವುದು. ಎರಡು ಮಾತು ಹೇಳಿದರು. ಬಸ್ಸಿನವರಿಗೆ ಗೊತ್ತಾಗಬಾರದು, ಸ್ವರ ಹೋದ ಏಜೆಂಟನನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಮ್ಮನಿಗೆ ಗೊತ್ತಾಗಲೇಬಾರದು. “ಅವಳು ಬೀಡಿ ಕಟ್ಟುವವಳು” ಎಂದರು. ಹೆಚ್ಚು ವಿವರಿಸಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹೀಗೆ ನಮ್ಮ ಪ್ರಯಾಣ ಶುರುವಾಯಿತು. ನಾನು ಎಂದಿನ ಹಾಗೆ ಆಫೀಸಿಗೆ ಹೊರಟು ಮುಂದಿನ ಬಾಗಿಲಿನಿಂದ ಹತ್ತಿ ಹೆಂಗಸರ ಸೀಟಿನಲ್ಲಿ ಕೂರುವುದು. ಅಪ್ಪ ಹಿಂದಿನ ಬಾಗಿಲಿನಿಂದ ಹತ್ತಿ ಕೊನೆಯ ಸೀಟಿನಲ್ಲಿ ಕೂರುವುದು, ಉಡುಪಿಯಲ್ಲಿ ಮಾಲಕರ ಹತ್ತಿರ ಟೈಮಿನ ವಿಷಯ ಮಾತಾಡಲಿಕ್ಕುಂಟು ಎಂದು ಕೈಸನ್ನೆ ಮಾಡುವುದು. ಇಂಜಿನ್ನಿನ ಮೇಲೆ ಕೂತರೆ ಡ್ರೈವರ್ ಮಾತಿಗೆ ಎಳೆಯುತ್ತಾನೆ, ಅದಕ್ಕೇ ಹಿಂದೆ. ಉಡುಪಿಯಲ್ಲಿ ಬಸ್ಸು ಬದಲಿಸುವಾಗಲೂ ಬೇರೆ ಬೇರೆ. “ನೀನು ನಿನ್ನ ಪಾಡಿಗೆ ಹೋಗು. ತಿರುಗಿ ನೋಡಬೇಡ. ನೀನು ತಿರುಗಿ ನೋಡಿದರೆ ಅವರಿಗೆಲ್ಲ ಗೊತ್ತಾಗ್ತದೆ” ಎಂದು ಅಪ್ಪ ಕಟ್ಟುನಿಟ್ಟು ಮಾಡಿದ್ದರು. ಆಫೀಸಿನಲ್ಲಿ ನಾನು ಮಧ್ಯಾಹ್ನದ ಊಟದ ಬಿಡುವನ್ನು ಬಿಟ್ಟುಕೊಟ್ಟು ಬೆಳಿಗ್ಗೆ ತಡವಾಗಿ ಸೇರುವ ಅನುಮತಿ ಪಡೆದಿದ್ದೆ.

ನೋಡಿ, ಎಷ್ಟು ವರ್ಷ ಹಂಬಲಿಸಿದ್ದೆ. ಈಗ ಬಸ್ಸಿನಲ್ಲಿ ನಾನು ಒಬ್ಬಳೇ. ಯಾರೂ ನನ್ನನ್ನು ಯಾರ ಕೈಗೂ ಒಪ್ಪಿಸುವುದಿಲ್ಲ. ಒಪ್ಪಿಸಬೇಕಾದವರು ಹಿಂದಿನ ಸೀಟಿನಲ್ಲಿ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ.

ಪಾಂಗಾಳ, ಕಟಪಾಡಿ, ಉದ್ಯಾವರದ ಸೇತುವೆ, ಹೊರಗೆ ಎಲ್ಲವೂ ಹೋಗುತ್ತಿತ್ತು. ನಾನು ಏನೂ ನೋಡುತ್ತಿರಲಿಲ್ಲ. ನನ್ನ ಎರಡು ಕಿವಿಗಳೂ ಹಿಂದೆ ಇದ್ದವು. ಕೆಮ್ಮು ಕೇಳಿದರೆ ಎಣಿಸುತ್ತಿದ್ದೆ, ಕೇಳದಿದ್ದರೆ ಯಾಕೆ ಕೇಳುವುದಿಲ್ಲ ಎಂದು ಕಾಯುತ್ತಿದ್ದೆ. ಒಮ್ಮೆ ಇಂದ್ರಾಳಿ ಕಳೆದ ಮೇಲೆ ಕೆಮ್ಮು ನಿಲ್ಲಲೇ ಇಲ್ಲ. ಯಾರೋ, “ಸ್ವಲ್ಪ ಆಚೆ ತಿರುಗಿ ಕೆಮ್ಮಿ ಮಾರಾಯ್ರೆ, ಮಕ್ಕಳು ಉಂಟು ಇಲ್ಲಿ” ಎಂದು ಗದರಿದರು. ಎದ್ದು ಹೋಗಿ ಆ ಮನುಷ್ಯನ ಕಾಲರ್ ಹಿಡಿಯಬೇಕು ಎನಿಸಿತು. ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡೆ. ಪಕ್ಕದಲ್ಲಿ ಕೂತ ಹೆಂಗಸು ಮಲ್ಲಿಗೆ ಮುಡಿಯುತ್ತ, “ಈ ಕಾಯಿಲೆಯವರನ್ನೆಲ್ಲ ಮನೆಯವರು ಒಬ್ಬರನ್ನೇ ಹೇಗೆ ಕಳಿಸ್ತಾರೋ?” ಎಂದು ನನ್ನ ಹತ್ತಿರ ಹೇಳಿದಳು. ನಾನು ಹೌದು ಎಂದು ತಲೆಯಾಡಿಸಿದೆ. ಮತ್ತೇನು ಮಾಡಲಿ?

ಆಸ್ಪತ್ರೆಯ ಒಳಗೆ ಹೋದ ಮೇಲೆ ಮಾತ್ರ ನಾವು ಅಪ್ಪ, ಮಗಳು. ಅವರ ಕೊರಳ ಮೇಲೆ ಶಾಯಿಯಿಂದ ಗುರುತು ಮಾಡಿದ್ದರು. ಹೊರಗೆ ಬರುವ ಮೊದಲು ಶರ್ಟಿನ ಕಾಲರ್ ಎತ್ತಿ, ಅದರ ಮೇಲೆ ಟವೆಲ್ ಸುತ್ತಿ, ನಾನು ಅದನ್ನು ಮುಚ್ಚುತ್ತಿದ್ದೆ. ಅಷ್ಟು ಹೊತ್ತು ಚಿಕ್ಕ ಹುಡುಗನ ಹಾಗೆ ಗಲ್ಲ ಎತ್ತಿ ನಿಲ್ಲುತ್ತಿದ್ದರು.

ಕರೆಂಟ್ ಕೊಡುವುದು ಮುಗಿಯಲು ಬಂದ ದಿನಗಳಲ್ಲಿ ಒಂದು ಶನಿವಾರ. ಆಫೀಸು ಅರ್ಧ ದಿನ, ಅದಕ್ಕೆ ಇಬ್ಬರೂ ಮಧ್ಯಾಹ್ನ ಒಂದೇ ಬಸ್ಸಿನಲ್ಲಿ ಮರಳಿದೆವು. ಕಾಪುವಿನಲ್ಲಿ ನಾನು ಮುಂದಿನ ಬಾಗಿಲಿನಿಂದ ಇಳಿದು ಕೊಡೆ ಬಿಡಿಸುವ ನೆಪದಲ್ಲಿ ನಿಂತೆ. ಹಿಂದಿನ ಬಾಗಿಲಿನಿಂದ ಒಬ್ಬರು ಇಳಿದರು, ಇನ್ನೊಬ್ಬರು ಇಳಿದರು. ಅಪ್ಪ ಇಳಿಯಲಿಲ್ಲ. ಕಂಡಕ್ಟರ್ “ರೈಟ್, ಪೋಯಿ” ಎಂದ. ಬಸ್ಸು ಪಡುಬಿದ್ರಿಯ ಕಡೆ ಹೊರಟಿತು. ಹಿಂದಿನ ಕಿಟಕಿಯಲ್ಲಿ ಅಪ್ಪನ ತಲೆ ಕಂಡಿತು. ನನ್ನ ಕಡೆ ತಿರುಗಿ ನೋಡಲಿಲ್ಲ.

ನಿದ್ದೆ ಬಂತೋ, ತಲೆ ತಿರುಗಿತೋ, ಬೇರೆ ಏನಾದರೂ ಮನಸ್ಸಿನಲ್ಲಿ ಇತ್ತೋ. ಆ ಬೇರೆ ಏನಾದರೂ ಎಂಬುದು ನನ್ನ ತಲೆಯೊಳಗೆ ಹೊಕ್ಕಿದ್ದೇ ಬಿಡಿಸಿದ ಕೊಡೆಯನ್ನು ಮಡಚಿ ಪಡುಬಿದ್ರಿಯ ಕಡೆಯೇ ನೋಡುತ್ತ ನಿಂತೆ. ಬಸ್ಸು ನಿಲ್ಲುವಲ್ಲಿ ಎಲೆಯಡಿಕೆಯ ಬೀಡದ ಅಂಗಡಿ ಇಟ್ಟಿದ್ದ, ಅಪ್ಪನ ಹಳೆಯ ಸ್ನೇಹಿತರಾದ ಬ್ಯಾರಿ ಕಾಕ, “ಎಂತ ಮಗಳೇ, ಯಾರು ಬರಲಿಕ್ಕುಂಟು?” ಎಂದು ಕೇಳಿದರು. ಒಂದು ಮಾತು ಸಾಕಿತ್ತು. ಆ ಅಂಗಡಿಯಿಂದ ಮುಂದಿನ ಬಸ್ಸಿನ ಕಂಡಕ್ಟರನಿಗೆ, ಅವನಿಂದ ಪಡುಬಿದ್ರಿಯ ಏಜೆಂಟರಿಗೆ, ಅವರಿಂದ ಮುಲ್ಕಿಗೆ, ಕಾರ್ಕಳಕ್ಕೆ. ನನ್ನನ್ನು ಮಲ್ಪೆಯಿಂದಲೂ ಗೊಮ್ಮಟನ ಕಾಲಡಿಯಿಂದಲೂ ಹೆಕ್ಕಿ ತಂದ ಜನ, ಅಪ್ಪನನ್ನು ಒಂದು ಗಂಟೆಯೊಳಗೆ ಎಳನೀರು ಕುಡಿಸಿ ತಂದು ಇಳಿಸುತ್ತಿದ್ದರು. ಆದರೆ ಹಾಗೆ ಹೇಳಿದರೆ ಯಾಕೆ ಹುಡುಕುವುದು ಎಂದೂ ಹೇಳಬೇಕಿತ್ತು. ಯಾರೂ ಇಲ್ಲ ಕಾಕ ಎಂದೆ.

ಮನೆಗೆ ಹೋದೆ. ಅಪ್ಪ ಎಲ್ಲಿ ಎಂದು ಅಮ್ಮ ಕೇಳಿದರೆ ಮಾಲಕರ ಆಫೀಸಿನಲ್ಲಿ ಎಂದೆ. ಮತ್ತೆ ಪೇಟೆಗೆ ಬಂದೆ. ಪಡುಬಿದ್ರಿ ಕಡೆಯಿಂದ ಬರುವ ಪ್ರತಿಯೊಂದು ಬಸ್ಸಿನ ಹಿಂದಿನ ಬಾಗಿಲನ್ನು ನೋಡಿದೆ. ನನ್ನಷ್ಟು ಕೈಲಾಗದವಳು ಆ ದಿನ ಆ ರಸ್ತೆಯಲ್ಲಿ ಇನ್ನೊಬ್ಬಳಿರಲಿಲ್ಲ. ಸಿಟ್ಟು ಬಂತು, ಅಳು ಬಂತು, ಮತ್ತೆ ಸಿಟ್ಟು ಬಂತು. ಮಲ್ಪೆಯ ಮರಳಿನಲ್ಲಿ ನಾನು ಕೂತಿದ್ದಾಗ ಅಪ್ಪ ಇದೇ ಜಾಗದಲ್ಲಿ ನಿಂತು ಹೀಗೆಯೇ ಬಸ್ಸುಗಳನ್ನು ನೋಡಿರಬಹುದು ಎಂದು ಆಗ ಮೊದಲ ಸಲ ಹೊಳೆಯಿತು.

ಹೊತ್ತು ಮುಳುಗುವ ಮೊದಲು ಬಂದರು. ಹಿಂದಿನ ಬಾಗಿಲಿನಿಂದ ನಿಧಾನವಾಗಿ ಇಳಿದರು. ಚಪ್ಪಲಿಯ ತುಂಬ ಕೆಂಪು ಮಣ್ಣು. ಮುಖ ಬಾಡಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ನಮ್ಮ ಕಟ್ಟುನಿಟ್ಟನ್ನೆಲ್ಲ ಮರೆತು ನನ್ನ ಹತ್ತಿರವೇ ಬಂದು, ಶರ್ಟಿನ ಜೇಬಿನಿಂದ ಒಂದು ಚೀಟಿ ತೆಗೆದು ತೋರಿಸಿದರು.

“ಟಿಕೆಟ್ ಕೇಳಿದ” ಎಂದು ಪಿಸುಗುಟ್ಟಿದರು. “ನನ್ನ ಹತ್ರ. ಎಲ್ಲಿಗೆ ಅಂತ ಕೇಳಿದ.”

ಪಡುಬಿದ್ರಿಯಲ್ಲಿ ಇಳಿದು, ತನ್ನ ಗುರುತಿಲ್ಲದ ಬಸ್ಸು ಬರುವ ವರೆಗೆ ಮರದ ಅಡಿಯಲ್ಲಿ ಕಾದಿದ್ದರಂತೆ. ಗುರುತಿನ ಬಸ್ಸುಗಳು ಬಂದಾಗ ಟವೆಲ್ ತಲೆಗೆ ಹಾಕಿಕೊಂಡು ಆಚೆ ತಿರುಗಿದರಂತೆ. ಕಾರ್ಕಳಕ್ಕೆ ಹೋಗಿದ್ದರು.

“ಹೇಳಿ ಹೋಗಲಿಕ್ಕೆ ಆಗ್ತಿರಲಿಲ್ವಾ?” ಎಂದು ನಾನು ಸಿಡಿದೆ. “ನನ್ನ ಜೀವ ಹೋಯಿತು ಇಲ್ಲಿ.”

“ಮಲ್ಪೆಗೆ ನೀನು ಹೇಳಿ ಹೋಗಿದ್ದೆಯಾ?”

ಮನೆಯ ದಾರಿಯಲ್ಲಿ ಅಲ್ಲಲ್ಲಿ ನಿಂತು, ಉಸಿರು ಎಳೆದುಕೊಂಡು ಹೇಳಿದರು. ಬೆಟ್ಟವನ್ನು ಅರ್ಧ ಹತ್ತಿ ಮೆಟ್ಟಿಲ ಮೇಲೆ ಕೂತರಂತೆ, ಮೇಲೆ ಹೋಗಲು ಆಗಲಿಲ್ಲ. ನೀನು ಹೇಳಿದಷ್ಟು ಎಂತ ಇಲ್ಲ ಅಲ್ಲಿ ಎಂದು ನನ್ನನ್ನು ಕೆಣಕಿದರು. ನಮ್ಮ ಮನೆಯ ಗೇಟಿನ ಹತ್ತಿರ ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದರು. ಸ್ವರ ಹೊರಡಲಿಲ್ಲ, ತುಟಿಯನ್ನು ನೋಡಿಕೊಂಡೇ ನಾನು ಕೇಳಿಸಿಕೊಂಡೆ.

“ಎಲ್ಲ ಉಂಟು ಮಗಾ. ನಾನು ಕೂಗಿದ ಊರೆಲ್ಲ ಉಂಟು. ನಂದಿಕೂರು ಉಂಟು. ಬೆಳ್ಮಣ್ಣು ಉಂಟು. ನಿಟ್ಟೆಯಲ್ಲಿ ಕಾಲೇಜು ಹುಡುಗರು ಗುಂಪು ಗುಂಪು ಹತ್ತಿದರು. ಎಲ್ಲ ಉಂಟು.”

ಕರೆಂಟ್ ಮುಗಿದ ಮೇಲೆ ಕೆಲವು ದಿನ ಸ್ವರ ಸ್ವಲ್ಪ ಮರಳಿದ ಹಾಗೆ ಆಯಿತು. ಆಮೇಲೆ ಪೂರ್ತಿ ಹೋಯಿತು. ಮುಚ್ಚಿಡಲು ಏನೂ ಉಳಿಯಲಿಲ್ಲ. ಪೇಟೆಯಲ್ಲಿ ಹೊಸ ಏಜೆಂಟ್ ಬಂದರು, ಅಪ್ಪನಿಗಿಂತ ಒಳ್ಳೆಯ ಸ್ವರವೇನಲ್ಲ. ಅಪ್ಪ ಆದರೂ ದಿನಾ ಹೋಗಿ ಬೀಡದ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದರು, ಬಸ್ಸು ಹೊರಡುವಾಗ ಎದ್ದು ಹೋಗಿ ಎರಡು ಸಲ ತಟ್ಟುತ್ತಿದ್ದರು. ಅಷ್ಟನ್ನು ಅವರಿಗೆ ಬಿಟ್ಟುಕೊಟ್ಟ ಆ ಹೊಸ ಏಜೆಂಟರನ್ನು ನಾನು ಮರೆಯುವುದಿಲ್ಲ.

ಅಮ್ಮನಿಗೆ ನಾನೇ ಹೇಳಿದೆ. ಅಮ್ಮ ಮೊರವನ್ನು ಬದಿಗೆ ಸರಿಸಿದರು. ಎಲೆ, ಹೊಗೆಸೊಪ್ಪು, ನೂಲು, ಕತ್ತರಿ, ಒಂದನ್ನೂ ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ಅದರ ಮರುದಿನ ಬ್ರಾಂಚಿಗೆ ಬೀಡಿ ಕೊಡುವ ದಿನ ಬಂತು, ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು. ನಮ್ಮ ಮನೆ ನಡೆಯುತ್ತಿದ್ದದ್ದು ಅದರಲ್ಲಿ. ಆಮೇಲೆ ಹಿಂದೆ ಬಂದ ಬೀಡಿಗಳನ್ನು ಅಮ್ಮ ಬಾವಿಯ ಆಚೆ ತೆಂಗಿನ ಬುಡದಲ್ಲಿ ಹೂಳುತ್ತಿದ್ದರು. ನಾನು ನೋಡಿಯೂ ನೋಡದವಳಂತೆ ಒಳಗೆ ಹೋಗುತ್ತಿದ್ದೆ.

ಮಳೆ ಹಿಡಿಯುವ ಮೊದಲು ಅಪ್ಪ ಹೋದರು. ಆ ದಿನವೂ ಬಸ್ಸುಗಳು ಟೈಮಿಗೆ ಸರಿಯಾಗಿ ಓಡಿದವು. ಒಂದು ನಿಮಿಷ ತಡವಾಗಿದ್ದರೂ ಅವರಿಗೆ ಸೇರುತ್ತಿರಲಿಲ್ಲ.

ಆಮೇಲೆ ನಾನು ತಿರುಗಿದೆ. ಕೆರೆಯ ನಡುವಿನ ವರಂಗದ ಬಸದಿಗೆ ದೋಣಿಯಲ್ಲಿ ಹೋದೆ, ಮಲ್ಪೆಯಿಂದ ದ್ವೀಪಕ್ಕೆ ಹೋದೆ, ಘಟ್ಟ ಹತ್ತಿ ಇಳಿದೆ, ಮುಂದೆ ರೈಲಿನಲ್ಲಿ ಹೆಸರು ಓದಲು ಬಾರದ ಊರುಗಳಿಗೂ ಹೋದೆ. ಮದುವೆಯ ಮಾತು ಒಂದೆರಡು ಸಲ ಬಂದು, ಹುಡುಗಿ ತಿರುಗುವವಳು ಎಂಬ ಸುದ್ದಿ ಕೇಳಿ ತಾನೇ ಹೊರಟುಹೋಯಿತು. ನನಗೆ ಬೇಸರವಿಲ್ಲ. ಒಬ್ಬಳೇ ಹೋಗುವುದರಲ್ಲಿ ಸುಖ ಇದೆ, ಅದನ್ನು ಸುಳ್ಳು ಎನ್ನಲಾರೆ. ಆದರೆ ನೆರೆಮನೆಯ ಹುಡುಗಿಗೆ ನಾನು ಹೇಳದೆ ಬಿಟ್ಟ ಒಂದು ಪ್ರಯಾಣ ಇದೆ.

ಅಪ್ಪ ತೀರಿಕೊಂಡ ವರ್ಷದ ಕೊನೆಯಲ್ಲಿ ಒಂದು ಭಾನುವಾರ ಅಮ್ಮನಿಗೆ ಹೇಳಿಯೇ ಹೊರಟೆ. ಕಾಪುವಿನಲ್ಲಿ ಪಡುಬಿದ್ರಿಯ ಬಸ್ಸು ಹತ್ತಿದೆ, ಅಲ್ಲಿ ಇಳಿದು ಕಾರ್ಕಳದ ಬಸ್ಸು ಹತ್ತಿದೆ. ಹೊಸ ಕಂಡಕ್ಟರ್, ಇನ್ನೂ ಎಳೆಯ ಮೀಸೆ. “ಎಲ್ಲಿಗೆ?” ಎಂದು ಕೈ ಚಾಚಿದ. ಕಾರ್ಕಳ ಎಂದೆ. ಚೀಟಿ ಹರಿದು ಕೊಟ್ಟು ಮುಂದೆ ಹೋದ, ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಆ ಬಸ್ಸಿನಲ್ಲಿ ನಾನು ಯಾರ ಮಗಳು ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ನಾನು ಕೇಳಿದ್ದು ಇಷ್ಟನ್ನೇ ಅಲ್ಲವೇ? ಪೂರ್ತಿಯಾಗಿ ಸಿಕ್ಕಿತು.

ನಂದಿಕೂರು ಕಳೆದ ಮೇಲೆ ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮಿದರು. ನಾನು ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ತಿರುಗಬಾರದು. ಮತ್ತೆ ಕೆಮ್ಮು ಬಂತು. ಈಗ ತಿರುಗಬಹುದು, ತಿರುಗಿದರೆ ಯಾರಿಗೂ ಏನೂ ಗೊತ್ತಾಗಲಿಕ್ಕಿಲ್ಲ ಎಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಿರುಗಿದೆ. ಹೆಗಲಿಗೆ ಟವೆಲ್ ಹಾಕಿಕೊಂಡ ಒಬ್ಬ ಮುದುಕರು ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದರು. ನಾನು ಅವರನ್ನೇ ನೋಡುತ್ತಿದ್ದೆನೆಂದು ತೋರುತ್ತದೆ. ಅವರು ಕೇಳಿದರು: “ಎಂತ ಮಗಳೇ? ಎಂತ ಬೇಕಿತ್ತು?”

“ಎಂತ ಇಲ್ಲ” ಎಂದು ಮುಂದೆ ತಿರುಗಿದೆ. ಕಣ್ಣು ತುಂಬಿ ಕಿಟಕಿಯ ಆಚೆ ಏನೂ ಕಾಣದಾಯಿತು. ಬಸ್ಸು ನಿಂತಿತು. “ಬೆಳ್ಮಣ್ಣು, ಬೆಳ್ಮಣ್ಣು” ಎಂದು ಕಂಡಕ್ಟರ್ ಕೂಗಿದ. ಯಾರೂ ಇಳಿಯಲಿಲ್ಲ.